ತೋಟದವನಿಗೂ ಬೇಕು ನಡಿಗೆ

"ತೋಟ ಮಾಡುವವನಿಗೆ ಬೇರೆ ವ್ಯಾಯಾಮ ಯಾಕೆ? ಅದೆಲ್ಲ ಪೇಟೆಯವರ ಖಯಾಲಿ" ಎಂಬ ಮಾತು ನಮ್ಮ ಸದಸ್ಯರಲ್ಲಿ ಇಂದಿಗೂ ಕೇಳಿಬರುತ್ತದೆ. ಒಂದು ಕಾಲಕ್ಕೆ ಇದು ನಿಜವೇ ಆಗಿತ್ತು. ಬೆಳಗಾದರೆ ತೋಟದ ತಲೆಯವರೆಗೆ ಹತ್ತಿ ಅಬ್ಬಿ ನೀರಿನ ದಾರಿ ನೋಡಿಕೊಂಡು ಬರಬೇಕು, ಸಂತೆಗೆ ಕಾನು ದಾಟಿ ನಡೆಯಬೇಕು, ನೆಂಟರ ಮನೆಯ ಮದುವೆಗೆ ಹೊರಟರೆ ಎರಡು ಗುಡ್ಡ ಹತ್ತಿ ಇಳಿಯಬೇಕು. ಅಂಥವರಿಗೆ ವ್ಯಾಯಾಮದ ಪಾಠ ಹೇಳಲು ಹೋಗಿದ್ದರೆ ನಕ್ಕುಬಿಡುತ್ತಿದ್ದರು.

ಈಗಿನ ಸ್ಥಿತಿ ಬೇರೆ. ಬೈಕು ತೋಟದ ಅಂಚಿಗೇ ಹೋಗುತ್ತದೆ. ಪಂಪು ಚಾಲೂ ಮಾಡಲು ಮನೆಯ ಜಗಲಿಯಲ್ಲಿ ಕುಳಿತು ಮೊಬೈಲು ಒತ್ತಿದರೆ ಸಾಕು. ಕೊನೆ ತೆಗೆಯಲು ಕಾರ್ಬನ್ ಫೈಬರ್ ದೋಟಿ, ಸುಲಿಯಲು ಯಂತ್ರ, ಕಳೆಗೆ ಕಳೆ ಕತ್ತರಿಸುವ ಯಂತ್ರ. ಆಳುಗಳ ಅಭಾವದ ಈ ದಿನಗಳಲ್ಲಿ ಇವೆಲ್ಲ ಬಂದದ್ದು ನಮ್ಮ ಪುಣ್ಯವೇ. ಆದರೆ ಮಾಲೀಕನ ಪಾಲಿಗೆ ಉಳಿದದ್ದು ನಿಂತು ಮಾಡಿಸುವ ಕೆಲಸ, ಮತ್ತು ನಿಂತು ಮಾಡಿಸಿದ ಕೆಲಸ ಮೈಗೆ ಹತ್ತುವುದಿಲ್ಲ. ಊಟ ಮಾತ್ರ ಅಜ್ಜನ ಕಾಲದ್ದೇ. ಬೆಳಗಿನ ಕಡುಬು, ಮಧ್ಯಾಹ್ನದ ಅನ್ನ, ನಾಲ್ಕು ಸಲದ ಬೆಲ್ಲದ ಕಾಫಿ, ಯಾವುದೂ ಕಡಿಮೆಯಾಗಿಲ್ಲ. ಸಂಘದ ಕೌಂಟರಿನ ಮುಂದೆ ಸಾಲು ನಿಂತವರ ಮಾತು ಅಡಿಕೆಯ ದರದಿಂದ ಶುರುವಾಗಿ ಸಕ್ಕರೆ ಕಾಯಿಲೆಯ ಮಾತ್ರೆಗೆ ಬಂದು ನಿಲ್ಲುವುದನ್ನು ನಾವು ದಿನವೂ ಕೇಳುತ್ತೇವೆ. ಆದ್ದರಿಂದ ಈ ಸಂಚಿಕೆಯಲ್ಲಿ ಗೊಬ್ಬರ, ಮದ್ದುಗಳ ವಿಷಯವನ್ನು ಸ್ವಲ್ಪ ಬದಿಗಿಟ್ಟು ನಡಿಗೆಯ ಬಗ್ಗೆ, ನಡೆಯಲು ನಮ್ಮ ಸುತ್ತಮುತ್ತ ಇರುವ ಒಳ್ಳೆಯ ದಾರಿಗಳ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇವೆ.

"ದಿನಾ ತೋಟ ಸುತ್ತುತ್ತೇನಲ್ಲ" ಎನ್ನುವವರಿಗೆ ಮೊದಲ ಉತ್ತರ. ತೋಟ ಸುತ್ತುವುದು ಬೇಕೇ ಬೇಕು. ಅರೇಬಿಕಾ ಗಿಡದ ಕಾಂಡದ ಮೇಲೆ ಉಬ್ಬಿದ ಗೆರೆ ಕಂಡು ಬಿಳಿ ಕಾಂಡಕೊರಕವನ್ನು ಹಿಡಿಯುವುದು, ಅಡಿಕೆಯ ಸೋಗೆಯಲ್ಲಿ ಎಲೆಚುಕ್ಕಿಯ ಮೊದಲ ಗುರುತು ನೋಡುವುದು, ಇವೆಲ್ಲ ಯಜಮಾನನ ಕಣ್ಣಿನಿಂದಲೇ ಆಗಬೇಕಾದ ಕೆಲಸಗಳು. ಆದರೆ ಅದು ಹತ್ತು ಹೆಜ್ಜೆ ಹೋಗಿ ನಿಲ್ಲುವ, ಕತ್ತೆತ್ತಿ ನೋಡುವ, ಯಾರನ್ನೋ ಕೂಗುವ ಓಡಾಟ. ಎದೆ ಬಿಸಿಯಾಗುವ ಮೊದಲೇ ಕಾಲು ನಿಲ್ಲುತ್ತದೆ. ವ್ಯಾಯಾಮವೆನಿಸಬೇಕಾದರೆ ಬಿರುಸಾಗಿ, ನಿಲ್ಲದೆ ನಡೆಯಬೇಕು. ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆ. ಬಿರುಸು ಎಷ್ಟಿರಬೇಕೆಂದು ತಿಳಿಯಲು ಯಂತ್ರ ಬೇಡ. ನಡೆಯುತ್ತಾ ಪಕ್ಕದವರೊಡನೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟಿದ್ದರೆ ಸರಿ.

ದೂರ ಅಳೆಯುವುದಕ್ಕೂ ನಮಗೆ ಬೇರೆ ಸಾಧನ ಬೇಡ. ಹೊಸ ಅಡಿಕೆ ತೋಟಗಳನ್ನು ಸಾಮಾನ್ಯವಾಗಿ 9 ಅಡಿ ಅಂತರದಲ್ಲಿ ಹಾಕಿರುತ್ತೇವೆ. ಒಂದು ಕಿಲೋಮೀಟರ್ ಎಂದರೆ ಸುಮಾರು 3280 ಅಡಿ. ಲೆಕ್ಕ ಹಾಕಿದರೆ 365 ಮರ, ವರ್ಷದ ದಿನಗಳಷ್ಟೇ! ಸಾಲಿಗೆ 40 ಮರವಿದ್ದರೆ ಒಂಬತ್ತು ಸಾಲು ನಡೆದಾಗ ಕಿಲೋಮೀಟರ್ ಮುಗಿದಂತೆ. ಹಳೆಯ ತೋಟಗಳಲ್ಲಿ ಮರಗಳು ಮನಸ್ಸು ಬಂದಲ್ಲಿ ನಿಂತಿರುತ್ತವಾದ್ದರಿಂದ ಅಲ್ಲಿ ಈ ಲೆಕ್ಕ ನಡೆಯದು. ಸಮತಟ್ಟಾದ ದಾರಿಯಲ್ಲಿ ಅರ್ಧ ಗಂಟೆಗೆ ಎರಡೂವರೆ ಕಿ.ಮೀ. ಆದರೆ ಆರೋಗ್ಯವಂತನಿಗೆ ಒಳ್ಳೆಯ ನಡಿಗೆ. ನಮ್ಮ ಏರುದಾರಿಗಳಲ್ಲಿ ಅಷ್ಟು ಆಗಲಿಲ್ಲವೆಂದು ಬೇಸರಪಡಬೇಕಾಗಿಲ್ಲ. ಏರು ತಾನೇ ಉಳಿದ ಕೆಲಸ ಮಾಡಿಸುತ್ತದೆ.

ಸಕ್ಕರೆ ಕಾಯಿಲೆ ಇದ್ದವರಿಗೆ ರಾತ್ರಿಯ ಊಟದ ನಂತರ ಹತ್ತು ಹದಿನೈದು ನಿಮಿಷ ನಡೆಯುವುದು ಬಹಳ ಉಪಕಾರಿ. ಕಾಲಿನ ಸ್ನಾಯುಗಳು ಕೆಲಸ ಮಾಡುವಾಗ ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಇದಕ್ಕೆ ಗುಡ್ಡ ಹತ್ತಬೇಕಾಗಿಲ್ಲ, ಅಡಿಕೆ ಒಣಗಿಸುವ ಅಂಗಳವೇ ಸಾಕು. ಇನ್ಸುಲಿನ್ ತೆಗೆದುಕೊಳ್ಳುವವರು ಉದ್ದದ ನಡಿಗೆಗೆ ಹೊರಡುವಾಗ ಜೇಬಿನಲ್ಲಿ ಒಂದು ಉಂಡೆ ಬೆಲ್ಲ ಇಟ್ಟುಕೊಂಡಿರಬೇಕು. ಕೈ ನಡುಗಿ, ಬೆವರಿ, ಕಣ್ಣು ಕತ್ತಲೆ ಬಂದಂತಾದರೆ ಕೂಡಲೇ ಬಾಯಿಗೆ ಹಾಕಿಕೊಳ್ಳಬೇಕು. ಏರು ಹತ್ತುವಾಗ ಎದೆ ಹಿಡಿದರೆ, ಎಡತೋಳು, ದವಡೆ ನೋವೆನಿಸಿದರೆ "ಗ್ಯಾಸ್ಟ್ರಿಕ್ಕು" ಎಂದು ಸಮಾಧಾನಪಟ್ಟುಕೊಳ್ಳದೆ ಅಲ್ಲೇ ಕುಳಿತು, ಯಾರಾದರೊಬ್ಬರನ್ನು ಕರೆದು ಆಸ್ಪತ್ರೆಗೆ ಹೋಗಬೇಕು. ಮಂಡಿ ನೋವಿನವರಿಗೆ ಕಷ್ಟ ಕೊಡುವುದು ಏರಲ್ಲ, ಇಳಿಜಾರು. ಒಂದು ಬೆತ್ತದ ದೊಣ್ಣೆ, ಸಣ್ಣ ಹೆಜ್ಜೆ, ಇವೆರಡೇ ಅದಕ್ಕೆ ಮದ್ದು.

ಇನ್ನು ದಾರಿಗಳ ವಿಷಯ. ನಮ್ಮ ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಸೀಮೆಯವರಿಗೆ ಇದರಲ್ಲಿ ಬಡತನವಿಲ್ಲ. ಬೆಂಗಳೂರಿನವರು ಆರೇಳು ಗಂಟೆ ಬಸ್ಸಿನಲ್ಲಿ ಕುಳಿತು ಬಂದು ಹತ್ತುವ ಗುಡ್ಡಗಳನ್ನು ನಾವು ಹುಟ್ಟಿದಂದಿನಿಂದ ನೋಡುತ್ತಿದ್ದೇವೆ, ಹತ್ತುವುದಿಲ್ಲ ಅಷ್ಟೇ.

ನಮ್ಮ ಮೊದಲ ಮೆಚ್ಚುಗೆ ಕವಲೇದುರ್ಗಕ್ಕೆ. ತೀರ್ಥಹಳ್ಳಿಯಿಂದ ಹದಿನೆಂಟು ಕಿ.ಮೀ. ಸುಮಾರು. ವಾಹನ ಕೆಳಗೆ ಊರಿನಲ್ಲಿ ನಿಲ್ಲಿಸಿದರೆ ಮುಂದೆ ಗದ್ದೆಯಂಚು, ಅನಂತರ ಕಾಡಿನ ನೆರಳಿನಲ್ಲಿ ಕಲ್ಲು ಹಾಸಿದ ಹಳೆಯ ದಾರಿ. ಆ ಕಲ್ಲುಗಳನ್ನು ಹಾಸಿದ ರೀತಿಯೇ ನೋಡತಕ್ಕದ್ದು. ಎಷ್ಟೋ ಮಳೆಗಾಲ ಕಳೆದರೂ ದಾರಿ ಕೊಚ್ಚಿಹೋಗಿಲ್ಲ. ನಮ್ಮ ಪಂಚಾಯ್ತಿ ರಸ್ತೆಗಳು ಎರಡನೆಯ ಮಳೆಗಾಲಕ್ಕೇ ಹಳ್ಳ ಸೇರುವುದನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ. ಸುತ್ತು ಸುತ್ತಾಗಿ ಕೋಟೆಯ ಗೋಡೆಗಳು, ಒಂದೊಂದು ಬಾಗಿಲಿನ ಬದಿಯಲ್ಲೂ ಕಾವಲಿನವರ ಕೋಣೆ, ಮೇಲೆ ಶ್ರೀಕಂಠೇಶ್ವರ ದೇವಸ್ಥಾನ, ಅರಮನೆಯ ಅಡಿಪಾಯ, ಕಲ್ಲಿನ ಒಲೆ, ಬಚ್ಚಲಿನ ನೀರು ಹರಿದುಹೋಗುವ ಕಾಲುವೆ, ಬೇಸಿಗೆಯಲ್ಲೂ ನೀರಿರುವ ಕೊಳಗಳು. ಇನ್ನೂ ಮೇಲೆ ಬಂಡೆಯ ನೆತ್ತಿಯಲ್ಲಿ ಒಂದು ಪುಟ್ಟ ಗುಡಿ.

ಇದು ಕೆಳದಿ ನಾಯಕರ ದುರ್ಗ. ಕೆಳದಿ, ಇಕ್ಕೇರಿ, ಕೊನೆಗೆ ಬಿದನೂರು ಎಂದು ರಾಜಧಾನಿ ಬದಲಾಯಿಸಿದ ಈ ಮನೆತನಕ್ಕೆ ಕವಲೇದುರ್ಗ ಒಂದು ಭದ್ರ ನೆಲೆಯಾಗಿತ್ತು. ಇದೇ ವಂಶದ ಶಿವಪ್ಪನಾಯಕ 1645ರಿಂದ 1660ರವರೆಗೆ ಆಳಿದವನು. ಗದ್ದೆ ತೋಟಗಳಿಗೆಲ್ಲ ಅಳತೆ ಮಾಡಿಸಿ ಕಂದಾಯ ಕಟ್ಟಿದ ಅವನ 'ಶಿಸ್ತು' ಮಲೆನಾಡಿನ ಅಡಿಕೆ ಬೆಳೆಗಾರ ಮರೆಯಬಾರದ ಸಂಗತಿ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಲ್ಲಿಗೆ ಆ ರಾಜ್ಯ ಮುಗಿಯಿತು. ಮೆಣಸು, ಅಡಿಕೆಗಳ ವ್ಯಾಪಾರದಿಂದ ಬೆಳೆದ ರಾಜ್ಯದ ಕೋಟೆಯನ್ನು ಮೆಣಸು, ಅಡಿಕೆ ಬೆಳೆಯುವ ನಾವೇ ನೋಡದಿದ್ದರೆ ಹೇಗೆ? ನಿಧಾನವಾಗಿ ಹತ್ತಿ, ಎಲ್ಲ ನೋಡಿ, ಬುತ್ತಿ ಬಿಚ್ಚಿ ಉಂಡು ಇಳಿಯಲು ಅರ್ಧ ದಿನ ಸಾಕು. ಮಕ್ಕಳನ್ನೂ, ಅರವತ್ತು ದಾಟಿದವರನ್ನೂ ಧಾರಾಳವಾಗಿ ಕರೆದುಕೊಂಡು ಹೋಗಬಹುದಾದ ಏರು. ಮಳೆಗಾಲದಲ್ಲಿ ಮಾತ್ರ ಆ ಕಲ್ಲುಗಳು ಪಾಚಿಗಟ್ಟಿ ಜಾರುತ್ತವೆ.

ಆಗುಂಬೆ ಕಡೆ ಗುಡ್ಡೇಕೇರಿಯ ಬಳಿಯ ಕುಂದಾದ್ರಿಗೆ ಈಗ ಟಾರು ರಸ್ತೆ ಇದೆ. ಕಾರಿನಲ್ಲಿ ಹೋಗಿ ಫೋಟೋ ತೆಗೆದು ಬರುವವರೇ ಹೆಚ್ಚು. ನಾವು ಹೇಳುವುದೇನೆಂದರೆ, ಕಾರನ್ನು ಬುಡದಲ್ಲೇ ಬಿಟ್ಟು ಆ ತಿರುವುಗಳನ್ನೆಲ್ಲ ನಡೆದೇ ಹತ್ತಿ. ಬೆಳಗಿನ ಹೊತ್ತು ವಾಹನವೂ ಕಡಿಮೆ, ಕಾಲಿಗೆ ಗಟ್ಟಿ ನೆಲ, ಎದೆಗೆ ಒಳ್ಳೆಯ ಕೆಲಸ. ಒಂದೇ ಬಂಡೆಯಂತೆ ಎದ್ದು ನಿಂತ ಬೆಟ್ಟದ ಮೇಲೆ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಕೊಳ. ಜೈನ ಆಚಾರ್ಯ ಕುಂದಕುಂದರ ಹೆಸರಿನಿಂದ ಬೆಟ್ಟಕ್ಕೆ ಈ ಹೆಸರು.

ಕುಪ್ಪಳಿಯ ಕವಿಶೈಲ ನಡಿಗೆಯೆನ್ನುವಷ್ಟು ದೂರವೇನಲ್ಲ, ಕುವೆಂಪು ಮನೆಯಿಂದ ಒಂದು ಸಣ್ಣ ಏರು. ಆದರೂ ಅದನ್ನು ಬಿಡಲು ಮನಸ್ಸು ಬರುವುದಿಲ್ಲ. ಸಂಜೆ ಹೊತ್ತು ಗುಡ್ಡದ ನೆತ್ತಿಗೆ ನಡೆದು ಹೋಗಿ ಕುಳಿತುಕೊಳ್ಳುವುದನ್ನು ಒಂದು ವ್ರತದಂತೆ ಕಂಡ ಮಲೆನಾಡಿಗ ಯಾರಾದರೂ ಇದ್ದರೆ ಅವರೇ. 1994ರಲ್ಲಿ ಅವರ ಅಂತ್ಯಸಂಸ್ಕಾರವೂ ಅಲ್ಲಿಯೇ ಆಯಿತು. 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಜನ ಎಷ್ಟು ನಡೆಯುತ್ತಾರೆಂದು ಲೆಕ್ಕ ಹಾಕಿದರೆ ಇಂದಿನ ನಮಗೆ ನಾಚಿಕೆಯಾಗಬೇಕು.

ವರ್ಷಕ್ಕೊಮ್ಮೆ ಗಟ್ಟಿಯಾಗಿ ಹತ್ತಬೇಕೆನ್ನುವವರಿಗೆ ಕೊಡಚಾದ್ರಿ ಇದೆ, 1343 ಮೀಟರ್ ಎತ್ತರ. ಜೀಪಿನಲ್ಲಿ ಎಲುಬೆಲ್ಲ ಕುಲುಕಿಸಿಕೊಂಡು ಹೋಗುವುದಕ್ಕಿಂತ ನಡೆಯುವುದೇ ಸುಖವೆಂದು ನಮ್ಮ ಅಭಿಪ್ರಾಯ. ಜೀಪು ನಿಂತ ಮೇಲೂ ಸರ್ವಜ್ಞ ಪೀಠದ ಕಲ್ಲಿನ ಮಂಟಪಕ್ಕೆ ಎಲ್ಲರೂ ನಡೆಯಲೇಬೇಕು. ಹಿಡ್ಲುಮನೆ ಅಬ್ಬಿಯ ಬದಿಯ ದಾರಿಯಲ್ಲಿ ಮಳೆಗಾಲದಲ್ಲಿ ಹೋಗುವುದು ಬೇಡ. ಚಿಕ್ಕಮಗಳೂರು ಕಡೆಯ ಸದಸ್ಯರಿಗೆ ಮುಳ್ಳಯ್ಯನಗಿರಿ, 1930 ಮೀಟರ್, ರಾಜ್ಯಕ್ಕೇ ಎತ್ತರದ ಶಿಖರ. ವಾಹನ ನಿಲ್ಲುವಲ್ಲಿಂದ ಮೆಟ್ಟಿಲು ಹತ್ತಿ ಬಂದರೆ ಮುಗಿಯಿತೆಂದುಕೊಳ್ಳದೆ, ಸರ್ಪದಾರಿಯೆಂಬ ಹಳೆಯ ಕಾಲುದಾರಿಯನ್ನು ಹಿಡಿಯಬೇಕು. ಬರೀ ಹುಲ್ಲಿನ ಬೆನ್ನು, ನೆರಳೆಂಬುದಿಲ್ಲ, ಗಾಳಿ ಬೀಸಿದರೆ ಟೋಪಿ ಹಾರಿಹೋಗುವುದು ಖಂಡಿತ. ಬೆಳಿಗ್ಗೆ ಬೇಗ ಹತ್ತಿ ಹತ್ತು ಗಂಟೆಯೊಳಗೆ ಇಳಿದರೆ ಕ್ಷೇಮ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗುಡುಗು ಕೇಳಿದರೆ ನೆತ್ತಿಯ ಮೇಲೆ ನಿಲ್ಲಕೂಡದು.

ಅಭಯಾರಣ್ಯಕ್ಕೆ ಸೇರಿದ ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದ ಮೇಲೆ ಸರಕಾರ ಕೆಲಕಾಲ ಚಾರಣವನ್ನೇ ತಡೆದು, ಅನಂತರ ಆನ್‌ಲೈನ್ ಮೂಲಕ ಮೊದಲೇ ಹೆಸರು ನೋಂದಾಯಿಸುವ ಏರ್ಪಾಡು ಮಾಡಿತು. ಊರಿನವರಿಗೇಕೆ ಚೀಟಿ ಎಂಬ ಅಸಮಾಧಾನ ನಮ್ಮವರಲ್ಲಿ ಇದೆ, ಅದರಲ್ಲಿ ಅರ್ಥವೂ ಇದೆ. ಆದರೆ ಪ್ಲಾಸ್ಟಿಕ್ ಬಾಟಲಿಗಳ ರಾಶಿಯನ್ನು ಕಂಡ ಮೇಲೆ ಯಾವುದಾದರೊಂದು ಕಟ್ಟುಪಾಡು ಬೇಕಾಗಿತ್ತೆಂದು ಒಪ್ಪಲೇಬೇಕಾಗುತ್ತದೆ.

ಇಲ್ಲಿ ಒಂದು ತೊಡಕಿದೆ. ಬೆಳೆಗಾರನಿಗೆ ಕೈ ಬಿಡುವು ಸಿಗುವುದು ಕೊಯ್ಲೆಲ್ಲ ಮುಗಿದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಅದೇ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ ಡಿಸೆಂಬರಿನಿಂದ ಮೇ ತನಕ ಹೆಚ್ಚು. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಅದು ಮಾಡಿದ ಅನಾಹುತ ಎಲ್ಲರಿಗೂ ನೆನಪಿದೆ. ತೀರ್ಥಹಳ್ಳಿ, ಕೊಪ್ಪ, ನರಸಿಂಹರಾಜಪುರ ತಾಲೂಕುಗಳಿಗೂ ಇದು ಹೊಸತಲ್ಲ. ಹರಡುವುದು ಉಣುಗಿನಿಂದ. ಅದರ ಮರಿ ಎಳ್ಳುಕಾಳಿಗಿಂತ ಚಿಕ್ಕದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಆ ತಿಂಗಳುಗಳಲ್ಲಿ ಕಾನು, ಹಾಡ್ಯ, ಸೊಪ್ಪಿನಬೆಟ್ಟಗಳ ತರಗೆಲೆ ತುಳಿದು ನಡೆಯುವ ದಾರಿ ಬೇಡ. ಟಾರು ರಸ್ತೆ ಅಥವಾ ಗುಡಿಸಿದ ತೋಟದ ರಸ್ತೆಯಲ್ಲಿ ನಡೆಯಿರಿ. ಕಾಡಿಗೆ ಹೋಗಲೇಬೇಕಾದರೆ ಮೈ ತುಂಬ ಬಟ್ಟೆ, ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲ, ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆಯನ್ನೂ ಬಿಸಿನೀರಿಗೆ ಹಾಕುವುದು. ತರಗೆಲೆಯ ಮೇಲೆ ಕುಳಿತುಕೊಳ್ಳಬಾರದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಇದ್ದಕ್ಕಿದ್ದಂತೆ ಜ್ವರ, ತಲೆಸಿಡಿತ, ಮೈಕೈ ನೋವು ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ರಕ್ತ ಪರೀಕ್ಷೆ ಮಾಡಿಸಿ. ಹಿಂದೆ ಕೊಡುತ್ತಿದ್ದ ಲಸಿಕೆ ಸಾಕಷ್ಟು ಫಲ ಕೊಡುತ್ತಿಲ್ಲವೆಂದು ನಿಲ್ಲಿಸಿರುವುದರಿಂದ ಎಚ್ಚರಿಕೆಯೇ ಸದ್ಯದ ರಕ್ಷಣೆ. ಕಾಡಿನ ದಾರಿಗೆ ಒಳ್ಳೆಯ ಕಾಲವೆಂದರೆ ಮಳೆ ಹಿಂದೆ ಸರಿದ ಅಕ್ಟೋಬರ್, ನವೆಂಬರ್. ಕೊಯ್ಲಿನ ನಡುವೆ ಒಂದು ಭಾನುವಾರ ಕದ್ದುಕೊಳ್ಳಬೇಕು, ಅಷ್ಟೇ.

ಇಂಬಳದ ಬಗ್ಗೆ ನಮ್ಮವರಿಗೆ ಹೇಳಿಕೊಡಬೇಕಾದ್ದೇನಿಲ್ಲ. ಹೊಗೆಸೊಪ್ಪು, ಸುಣ್ಣ ಎಲ್ಲರ ಮನೆಯಲ್ಲೂ ಇದೆ. ಆನೆಯ ವಿಷಯ ಹಾಗಲ್ಲ. ಮೂಡಿಗೆರೆ, ಬಾಳೆಹೊನ್ನೂರು, ನರಸಿಂಹರಾಜಪುರದ ಕಡೆ ಕಾಫಿ ತೋಟದೊಳಗೇ ಅದರ ಓಡಾಟವಿದೆ. ಅಲ್ಲಿಯವರು ಬೆಳಕು ಹರಿಯುವ ಮೊದಲು, ಕತ್ತಲಾದ ಮೇಲೆ ನಡಿಗೆಗೆ ಹೊರಡಲೇಬಾರದು. ಕಿವಿಗೆ ಹಾಡು ಸಿಕ್ಕಿಸಿಕೊಂಡು ನಡೆಯುವ ಅಭ್ಯಾಸವನ್ನು ಹುಡುಗರು ಬಿಡಬೇಕು. ಆನೆಗೆ ನಾವು ಕೇಳಬೇಕು, ನಮಗೆ ಆನೆ ಕೇಳಬೇಕು.

ಹೆಂಗಸರ ಮಾತನ್ನು ಬಿಟ್ಟರೆ ಈ ಲೇಖನ ಅರ್ಧವಾದೀತು. ಸೊಪ್ಪು, ದರಗು, ಸೌದೆ ಎಂದು ಅವರು ನಡೆಯುತ್ತಿದ್ದುದು ಗಂಡಸರಿಗಿಂತ ಹೆಚ್ಚು. ಗ್ಯಾಸು, ನಲ್ಲಿ ಬಂದು ಆ ಬವಣೆ ತಪ್ಪಿದ್ದು ಒಳ್ಳೆಯದೇ ಆಯಿತು. ಆದರೆ ಸುಮ್ಮನೆ ನಡೆಯಲು ಹೊರಟರೆ ಎದುರು ಸಿಕ್ಕವರೆಲ್ಲ "ಎಲ್ಲಿಗೆ ಹೊರಟಿರಿ ಅಕ್ಕ?" ಎನ್ನುತ್ತಾರೆ. "ಎಲ್ಲಿಗೂ ಇಲ್ಲ" ಎಂದು ಎಷ್ಟು ಜನರಿಗೆ ಹೇಳುವುದು? ನಾಲ್ಕು ದಿನ ಹೀಗಾದ ಮೇಲೆ ನಡಿಗೆ ನಿಂತೇ ಹೋಗುತ್ತದೆ. ಕೆಲವು ಊರುಗಳಲ್ಲಿ ಸ್ವಸಹಾಯ ಸಂಘದವರು ಐದಾರು ಜನ ಒಟ್ಟಾಗಿ ಸಂಜೆ ಹೊರಡುತ್ತಾರೆ. ಗುಂಪನ್ನು ಯಾರೂ ಪ್ರಶ್ನಿಸುವುದಿಲ್ಲ, ನಾಯಿಗಳೂ ದೂರ ನಿಲ್ಲುತ್ತವೆ.

ಇಷ್ಟು ಹೇಳಿದ ಮೇಲೆ ನಾವು ಮುಖ್ಯವಾಗಿ ಎತ್ತಬೇಕೆಂದಿದ್ದ ವಿಷಯಕ್ಕೆ ಬರುತ್ತೇವೆ. ಕವಲೇದುರ್ಗವೂ ಮುಳ್ಳಯ್ಯನಗಿರಿಯೂ ವರ್ಷಕ್ಕೊಂದು ದಿನದ ಮಾತು. ಉಳಿದ ದಿನ ನಡೆಯಬೇಕಾದ್ದು ಊರಿನ ಒಳದಾರಿಯಲ್ಲಿ. ಮನೆಯಿಂದ ಮನೆಗೆ, ಕೇರಿಯಿಂದ ಶಾಲೆಗೆ, ದೇವರ ಬನಕ್ಕೆ, ಹಳ್ಳದ ಕಾಲುಸಂಕ ದಾಟಿ ಆಚೆ ಊರಿಗೆ ಹೋಗುತ್ತಿದ್ದ ಆ ದಾರಿಗಳು ಈಗ ಒಂದೊಂದಾಗಿ ಮುಚ್ಚಿಹೋಗುತ್ತಿವೆ. ಒಂದು ಕಡೆ ಲಂಟಾನ ಮುಚ್ಚಿದರೆ ಇನ್ನೊಂದು ಕಡೆ ಮುಚ್ಚಿದವರು ನಾವೇ. ಮುಳ್ಳುತಂತಿ, ಸೋಲಾರ್ ಬೇಲಿ, ಕಬ್ಬಿಣದ ಗೇಟು. ಹಂದಿ, ಕಾಟಿಗಳ ಕಾಟ, ಕಾಳುಮೆಣಸು, ಅಡಿಕೆ ಕಳವು, ಇವನ್ನೆಲ್ಲ ಅನುಭವಿಸಿದವನು ಬೇಲಿ ಹಾಕಿದರೆ ತಪ್ಪೆನ್ನಲಾಗದು. ಆದರೆ ದಾರಿ ಮುಚ್ಚಿದ ಊರಿನಲ್ಲಿ ಮಕ್ಕಳು, ಮುದುಕರು ವಾಹನ ಓಡುವ ರಸ್ತೆಯ ಅಂಚಿನಲ್ಲಿ ನಡೆಯಬೇಕು, ಇಲ್ಲವೇ ಮನೆಯಲ್ಲೇ ಕೂರಬೇಕು. ಎಷ್ಟೋ ಕಡೆ ಆಗುತ್ತಿರುವುದು ಎರಡನೆಯದು.

ಎಲ್ಲ ದಾರಿಯೂ ಮಾಲೀಕನ ಇಷ್ಟಕ್ಕೆ ಬಿಟ್ಟದ್ದಲ್ಲ ಎಂಬುದನ್ನು ಗಮನಿಸಬೇಕು. ಗ್ರಾಮನಕ್ಷೆಯಲ್ಲಿ ಚುಕ್ಕಿಗೆರೆಯಿಂದ ತೋರಿಸಿದ ಕಾಲುದಾರಿ, ಬಂಡಿದಾರಿಗಳಿರುತ್ತವೆ. 1966ರ ಭೂಕಂದಾಯ ನಿಯಮಗಳ ಪ್ರಕಾರ ಸರ್ವೆ ನಂಬರಿನೊಳಗೆ ಇದ್ದರೂ ರಸ್ತೆ, ಮಾನ್ಯವಾದ ಕಾಲುದಾರಿ ಮುಂತಾದ ಸಾರ್ವಜನಿಕ ಉಪಯೋಗದ ಜಾಗ 'ಬ' ಖರಾಬು. ಪಹಣಿಯಲ್ಲಿ ಅದರ ವಿಸ್ತೀರ್ಣ ನಮೂದಾಗಿರುತ್ತದೆ. ಅದನ್ನು ಮುಚ್ಚುವ ಹಕ್ಕು ನಮಗಿಲ್ಲ. ಬೇಲಿ ಹಾಕುವ ಮೊದಲು ನಕ್ಷೆಯ ಒಂದು ಪ್ರತಿ ತೆಗೆಸಿ ನೋಡಿಕೊಂಡರೆ ಮುಂದೆ ನೆರೆಹೊರೆಯ ಜಗಳ, ಕೋರ್ಟಿನ ಅಲೆದಾಟ ಎರಡೂ ತಪ್ಪುತ್ತವೆ.

ನಕ್ಷೆಯಲ್ಲಿಲ್ಲದ, ಬರೀ ರೂಢಿಯಿಂದ ಬಂದ ದಾರಿಗಳ ವಿಷಯದಲ್ಲಿ ಸದಸ್ಯರಿಗೆ ಒಂದು ಭಯವಿದೆ. "ಇಂದು ನಡೆಯಲು ಬಿಟ್ಟರೆ ನಾಳೆ ಹಕ್ಕು ಕೇಳುತ್ತಾರೆ." ಈ ಭಯ ನಿರಾಧಾರವಲ್ಲ. 1882ರ ಸುಖಾಧಿಕಾರಗಳ ಕಾಯಿದೆಯಂತೆ ಇಪ್ಪತ್ತು ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ತನ್ನ ಹಕ್ಕೆಂದೇ ನಡೆದುಬಂದವನಿಗೆ ದಾರಿಯ ಹಕ್ಕು ಹುಟ್ಟಬಹುದು. ಆದರೆ ಮಾಲೀಕನ ಒಪ್ಪಿಗೆ ಪಡೆದು ನಡೆದವನಿಗೆ ಹಾಗೆ ಹಕ್ಕು ಹುಟ್ಟುವುದಿಲ್ಲ. ಆದ್ದರಿಂದ ದಾರಿ ಬಿಡುವವರು ಬಾಯಿಮಾತಿನಲ್ಲಿ ಬಿಡದೆ "ಮಾಲೀಕರ ಒಪ್ಪಿಗೆಯ ಮೇರೆಗೆ ಕಾಲ್ನಡಿಗೆಗೆ ಮಾತ್ರ" ಎಂದು ಒಂದು ಹಲಗೆ ಬರೆಸಿ ಹಾಕುವುದು, ನೆರೆಯವರೊಡನೆ ಒಂದು ಸಾದಾ ಪತ್ರ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಹಳೆಯ ವ್ಯಾಜ್ಯವಿರುವ ಕಡೆ ಮಾತ್ರ ವಕೀಲರನ್ನು ಕೇಳಿಯೇ ಮುಂದುವರಿಯಬೇಕು.

ಬೇಲಿಯೂ ಇರಬೇಕು, ದಾರಿಯೂ ಇರಬೇಕೆಂದರೆ ನಮ್ಮ ಹಿರಿಯರ ತಡಮೆ, ಉಣುಗೋಲುಗಳೇ ಸಾಕು. ದನ ದಾಟದಂತೆ, ಮನುಷ್ಯ ದಾಟುವಂತೆ ಇದಕ್ಕಿಂತ ಸರಳವಾದ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ. ಮುಳ್ಳುತಂತಿಯ ಬೇಲಿಗೆ ಎರಡು ಗಟ್ಟಿ ಗೂಟಗಳ ನಡುವೆ ಹಳೆಯ ಅಡಿಕೆ ಮರದ ದಬ್ಬೆಯಿಂದ ಮೂರು ಮೆಟ್ಟಿಲು ಆಚೆ, ಮೂರು ಮೆಟ್ಟಿಲು ಈಚೆ ಕಟ್ಟಿ, ಮೇಲೆ ಕೈ ಹಿಡಿಯಲು ಒಂದು ಗಳು ನಿಲ್ಲಿಸಿದರೆ ತಡಮೆ ಸಿದ್ಧ. ಒಬ್ಬ ಆಳಿನ ಅರ್ಧ ದಿನದ ಕೆಲಸ. ಮುದುಕರಿಗಾಗಿ ಮೆಟ್ಟಿಲ ನಡುವಿನ ಎತ್ತರ ಒಂದು ಗೇಣಿಗಿಂತ ಹೆಚ್ಚಿರಬಾರದು. ಅಡಿಕೆ ದಬ್ಬೆ ಎರಡು ಮಳೆಗಾಲಕ್ಕೆ ಕುಂಬಾಗುವುದರಿಂದ ಪ್ರತಿವರ್ಷ ಗೌರಿ ಹಬ್ಬದ ಮೊದಲು ತುಳಿದು ನೋಡಿ ಬದಲಾಯಿಸಬೇಕು. ಸೋಲಾರ್ ಬೇಲಿಗೆ ತಡಮೆ ಕೂಡದು, ಜಾರಿದವನು ತಂತಿ ಹಿಡಿದಾನು. ಅಲ್ಲಿ ಪ್ಲಾಸ್ಟಿಕ್ ಹಿಡಿಕೆಯ ಸ್ಪ್ರಿಂಗ್ ಗೇಟನ್ನು ಹಾಕಿಸಿ, ಹಿಡಿಕೆಗೆ ಎದ್ದು ಕಾಣುವ ಬಣ್ಣ ಬಳಿದು, ದಾಟಿದ ಮೇಲೆ ಮತ್ತೆ ಸಿಕ್ಕಿಸಿ ಹೋಗಲು ಶಾಲೆಯ ಮಕ್ಕಳಿಗೂ ಒಮ್ಮೆ ತೋರಿಸಿಕೊಡಬೇಕು.